ಅಳೆಯುವುದು ಒಂದು ಕಷ್ಟ, ಅಲುಗದಂತೆ ಇಡುವುದು ಇನ್ನೊಂದು

ಎಂ.ಎಸ್ಸಿ. ಮೊದಲ ವರ್ಷದಲ್ಲಿ ನಮ್ಮ ಪ್ರಯೋಗಾಲಯದ ಮೂಲೆಯಲ್ಲೊಂದು ಕತ್ತಲೆ ಕೋಣೆಯಿತ್ತು. ಅಲ್ಲಿ ದಪ್ಪ ಕಬ್ಬಿಣದ ಹಲಗೆಯ ಮೇಲೆ ಎರಡು ಕನ್ನಡಿ, ನಡುವೆ ಓರೆಯಾಗಿ ನಿಲ್ಲಿಸಿದ ಅರ್ಧ ಬೆಳಕು ಬಿಡುವ ಗಾಜು, ಪಕ್ಕದಲ್ಲಿ ಹಳದಿ ಬೆಳಕಿನ ಸೋಡಿಯಂ ದೀಪ. ಅದೇ ಮೈಕಲ್ಸನ್ ಇಂಟರ್‌ಫೆರೋಮೀಟರ್, ಬೆಳಕನ್ನು ಎರಡು ದಾರಿಗೆ ಒಡೆದು ಮತ್ತೆ ಕೂಡಿಸಿ ಅತಿ ಸಣ್ಣ ದೂರ ಅಳೆಯುವ ಉಪಕರಣ. ಗಂಟೆಗಟ್ಟಲೆ ತಾಳ್ಮೆಯಿಂದ ಕನ್ನಡಿಗಳನ್ನು ಹೊಂದಿಸಿದರೆ ಕಪ್ಪು-ಹಳದಿ ಉಂಗುರಗಳು ಒಂದರೊಳಗೊಂದು ಮೂಡುತ್ತಿದ್ದವು. ಹಿತ್ತಾಳೆಯ ತಿರುಪನ್ನು ಒಂದಿಷ್ಟೇ ಇಷ್ಟು ತಿರುಗಿಸಿದರೆ ನಡುವಿನಿಂದ ಹೊಸ ಉಂಗುರ ಹುಟ್ಟಿ ಹೊರಕ್ಕೆ ಹರಡುತ್ತಿತ್ತು. ಒಂದು ಉಂಗುರ ಹುಟ್ಟಿತೆಂದರೆ ಕನ್ನಡಿ ಸುಮಾರು 295 ನ್ಯಾನೊಮೀಟರ್ ಸರಿದಿದೆ ಎಂದು ಲೆಕ್ಕ. ತಲೆಗೂದಲಿನ ದಪ್ಪದ ಇನ್ನೂರನೇ ಒಂದು ಭಾಗಕ್ಕಿಂತ ಕಡಿಮೆ ದೂರವದು. ಅದನ್ನು ನಾವು ಬರಿಗಣ್ಣಿನಲ್ಲಿ ನೋಡುತ್ತಿದ್ದೆವು.

ಉಂಗುರ ಎಣಿಸಿದ್ದಕ್ಕಿಂತ ಅವು ನಡುಗಿದ್ದೇ ನನಗೆ ಇಂದಿಗೂ ಚೆನ್ನಾಗಿ ನೆನಪಿದೆ. ಹೊರಗಿನ ರಸ್ತೆಯಲ್ಲಿ ಬಸ್ಸು ಹೋದರೆ ಚಿತ್ರ ಕಲಕಿಹೋಗುತ್ತಿತ್ತು. ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಎಣಿಕೆ ತಪ್ಪುತ್ತಿತ್ತು. "ಮೇಜಿನ ಮೇಲೆ ಮೊಣಕೈ ಊರಬೇಡ್ರಪ್ಪಾ" ಎಂದು ಮೇಷ್ಟ್ರು ಪದೇ ಪದೇ ಹೇಳುತ್ತಿದ್ದರು. ಒಮ್ಮೆ ಅವರೇ ನನ್ನ ಅಂಗೈಯನ್ನು ಬೆಳಕಿನ ದಾರಿಯ ಕೆಳಗೆ, ಏನನ್ನೂ ಮುಟ್ಟದಂತೆ, ಹಿಡಿಸಿದರು. ಮೈಶಾಖಕ್ಕೆ ಮೇಲೇಳುವ ಗಾಳಿಯೇ ಸಾಕಾಯಿತು. ಬಿಸಿಲಿಗೆ ಕಾದ ಡಾಂಬರು ರಸ್ತೆಯ ಮೇಲೆ ನೋಟ ಅಲೆಯುವ ಹಾಗೆ ಉಂಗುರಗಳು ತೇಲಾಡಿದವು. ಉಪಕರಣ ತಪ್ಪು ಮಾಡುತ್ತಿರಲಿಲ್ಲ. ಬಸ್ಸು, ಬಾಗಿಲು, ಅಂಗೈ, ಎಲ್ಲವನ್ನೂ ಅದು ನಿಷ್ಠೆಯಿಂದ ಅಳೆದು ತೋರಿಸುತ್ತಿತ್ತು. ಅವುಗಳ ನಡುವೆ ನಮಗೆ ಬೇಕಾದ ಒಂದೇ ಒಂದು ಸರಿದಾಟವನ್ನು ಹೆಕ್ಕುವುದು ನಮ್ಮ ಪಾಲಿನ ಕಷ್ಟ.

ಈಗ ಅದೇ ಉಪಕರಣ ಬಾಹ್ಯಾಕಾಶಕ್ಕೆ ಹೋಗಿದೆ. ಸೋಡಿಯಂ ದೀಪದ ಜಾಗದಲ್ಲಿ ಲೇಸರ್ ಬಂದಿದೆ, ಮೇಜಿನ ಜಾಗದಲ್ಲಿ ಉಪಗ್ರಹಗಳು ಬಂದಿವೆ. "ಪರಮಾಣುವಿಗಿಂತ ಕಿರಿದಾದ ಅಂತರ ಅಳೆಯುವ ಲೇಸರ್" ಎಂಬ ತಲೆಬರಹ ಆಗಾಗ ಕಾಣುತ್ತದೆ, ಅದು ನಿಜವೂ ಹೌದು. ಆದರೆ ಆ ಮಾತು ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಗೀಟುಕೋಲು ಎಷ್ಟೇ ನಯವಾಗಿರಲಿ, ಅಳೆಯಬೇಕಾದ ವಸ್ತುವನ್ನು ಬೇರಾವುದೂ ಮುಟ್ಟದಂತೆ ಕಾಯದಿದ್ದರೆ ಅದು ಬಸ್ಸನ್ನೇ ಅಳೆಯುತ್ತದೆ. ಈ ಕ್ಷೇತ್ರದ ಹಣ, ವರ್ಷಗಳು, ಎಂಜಿನಿಯರುಗಳ ಆಯುಷ್ಯ ಬಹುಪಾಲು ಹೋಗುವುದು ಆ ಕಾವಲಿಗೆ. ಇದು ದೂರದ ಕಪ್ಪುಕುಳಿಗಳಿಗಷ್ಟೇ ಸಂಬಂಧಿಸಿದ ವಿಷಯವೂ ಅಲ್ಲ. ನಮ್ಮ ನೆಲದಡಿಯ ನೀರಿನ ಲೆಕ್ಕವೂ ಇದರ ಮೇಲೆಯೇ ನಿಂತಿದೆ.

ಮೊದಲು ಗೀಟುಕೋಲಿನ ವಿಷಯ. ಬಾಹ್ಯಾಕಾಶದಲ್ಲಿ ಹೆಚ್ಚಾಗಿ ಬಳಸುವುದು 1064 ನ್ಯಾನೊಮೀಟರ್ ಅಲೆಯುದ್ದದ, ಕಣ್ಣಿಗೆ ಕಾಣದ ಅವಕೆಂಪು ಲೇಸರ್. ಆ ಅಲೆ ಸೆಕೆಂಡಿಗೆ ಸುಮಾರು 282 ಲಕ್ಷ ಕೋಟಿ ಸಲ ಏರಿಳಿಯುತ್ತದೆ. ಅದನ್ನು ನೇರವಾಗಿ ಎಣಿಸುವ ಎಲೆಕ್ಟ್ರಾನಿಕ್ಸ್ ಇಲ್ಲ. ಉಪಾಯವೇನೆಂಬುದು ತಂಬೂರಿ ಶ್ರುತಿ ಮಾಡುವುದನ್ನು ಹತ್ತಿರ ಕುಳಿತು ಕೇಳಿದವರಿಗೆ ಗೊತ್ತು. ಎರಡು ತಂತಿಗಳು ಒಂದೇ ಸ್ವರಕ್ಕೆ ಕೂಡುವ ತುಸು ಮೊದಲು ನಾದ "ವ್ಹಂ... ವ್ಹಂ..." ಎಂದು ನಿಧಾನವಾಗಿ ಉಬ್ಬಿ ತಗ್ಗುತ್ತದೆ. ಬಿರಡೆ ಇನ್ನೊಂದಿಷ್ಟು ತಿರುಗಿದರೆ ಆ ಉಬ್ಬುತಗ್ಗು ಮತ್ತೂ ನಿಧಾನವಾಗಿ, ಕೊನೆಗೆ ಕರಗಿಹೋಗುತ್ತದೆ. ಬೆಳಕಿನಲ್ಲೂ ಹೀಗೆಯೇ. ಕಂಪನದಲ್ಲಿ ಒಂದಿಷ್ಟೇ ವ್ಯತ್ಯಾಸವಿರುವ ಎರಡು ಲೇಸರ್ ಕಿರಣಗಳನ್ನು ಒಂದೇ ಬೆಳಕು-ಸಂವೇದಕದ ಮೇಲೆ ಬೀಳಿಸಿದರೆ, ಸೆಕೆಂಡಿಗೆ ಸಾವಿರಗಟ್ಟಲೆಯೋ ಲಕ್ಷಗಟ್ಟಲೆಯೋ ಸಲ ಉಬ್ಬಿ ತಗ್ಗುವ ಸಂಕೇತ ಸಿಗುತ್ತದೆ. ಇದನ್ನು ಎಣಿಸಬಹುದು.

ಬೆಳಕು ನಡೆದ ದಾರಿ ಒಂದು ಅಲೆಯುದ್ದದಷ್ಟು ಉದ್ದವಾದರೆ ಈ ಉಬ್ಬುತಗ್ಗು ಸರಿಯಾಗಿ ಒಂದು ಸುತ್ತು ಹಿಂದೆ ಬೀಳುತ್ತದೆ. ಅದು ಸುತ್ತಿನ ಯಾವ ಘಟ್ಟದಲ್ಲಿದೆ ಎಂಬುದನ್ನು ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ನಿಖರವಾಗಿ ಓದಿದರೆ ಸಿಗುವುದು ಒಂದು ಪಿಕೊಮೀಟರ್. ಹೈಡ್ರೋಜನ್ ಪರಮಾಣುವಿನ ಅಗಲ ಸುಮಾರು 100 ಪಿಕೊಮೀಟರ್. ಇಷ್ಟು ನಯವಾಗಿ ಓದುವ ಎಲೆಕ್ಟ್ರಾನಿಕ್ಸ್ ಇವತ್ತು ಇದೆ. ಗೀಟುಕೋಲು ಸಿದ್ಧವಾಯಿತು ಅನ್ನಿ.

ಇನ್ನು ಕಾವಲಿನ ಕಥೆ. ಅದನ್ನು ಲೀಸಾ ಪಾತ್‌ಫೈಂಡರ್‌ಗಿಂತ ಚೆನ್ನಾಗಿ ಹೇಳುವ ನೌಕೆ ಇನ್ನೊಂದಿಲ್ಲ. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ಇದನ್ನು 2015ರ ಡಿಸೆಂಬರ್ 3ರಂದು ಫ್ರೆಂಚ್ ಗಯಾನಾದ ಕೌರೂ ನೆಲೆಯಿಂದ ಹಾರಿಸಿತು. ಅದು ಹೋಗಿ ನೆಲೆಸಿದ್ದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಸುತ್ತ. ನಮ್ಮ ಆದಿತ್ಯ-ಎಲ್1 ಈಗ ಇರುವುದು ಅದೇ ನೆರೆಯಲ್ಲಿ. ನೌಕೆಯ ಹೊಟ್ಟೆಯಲ್ಲಿ ಚಿನ್ನ ಮತ್ತು ಪ್ಲಾಟಿನಂ ಬೆರೆಸಿ ಮಾಡಿದ ಎರಡು ಘನಗಳಿದ್ದವು. ಒಂದೊಂದು ಬದಿ 46 ಮಿಲಿಮೀಟರ್, ಒಂದೊಂದರ ತೂಕ ಹತ್ತಿರ ಹತ್ತಿರ ಎರಡು ಕಿಲೋ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಹಿಡಿದರೆ ಕೈ ಜಗ್ಗುವಷ್ಟು ಭಾರ. ಎರಡರ ನಡುವೆ ಸುಮಾರು 38 ಸೆಂಟಿಮೀಟರ್ ಅಂತರ. ಆ ಅಂತರ ತಾನಾಗಿ ಎಷ್ಟು ಬದಲಾಗುತ್ತದೆ ಎಂದು ನೋಡುವುದೇ ಇಡೀ ನೌಕೆಯ ಉದ್ಯೋಗ.

ಚಿನ್ನ-ಪ್ಲಾಟಿನಂ ಯಾಕೆ? ಭಾರವಾದ ವಸ್ತುವನ್ನು ಸಣ್ಣಪುಟ್ಟ ಬಲಗಳು ಅಷ್ಟು ಸುಲಭವಾಗಿ ಕದಲಿಸಲಾರವು. ಜೊತೆಗೆ ಪ್ಲಾಟಿನಂ ಅಯಸ್ಕಾಂತದತ್ತ ತುಸು ಎಳೆಯಲ್ಪಡುತ್ತದೆ, ಚಿನ್ನ ತುಸು ದೂರ ತಳ್ಳಲ್ಪಡುತ್ತದೆ. ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ ಎರಡೂ ಗುಣಗಳು ಒಂದನ್ನೊಂದು ಹೊಡೆದುಹಾಕಿ, ಅಯಸ್ಕಾಂತಕ್ಕೆ ಹೆಚ್ಚುಕಡಿಮೆ ಕಿವುಡಾದ ಲೋಹ ಸಿಗುತ್ತದೆ. ಇಲ್ಲಿ ಚಿನ್ನಕ್ಕೆ ಬೆಲೆ ಬಂದಿರುವುದು ಅದರ ಈ ನಿರ್ಲಿಪ್ತ ಸ್ವಭಾವದಿಂದ.

ಕಕ್ಷೆ ಸೇರಿದ ಮೇಲೆ ಘನಗಳ ಹಿಡಿತ ಬಿಡಿಸಬೇಕು. ಉಡಾವಣೆಯ ಕುಲುಕಾಟದಲ್ಲಿ ಗೋಡೆಗೆ ಬಡಿಯದಿರಲೆಂದು ಗಟ್ಟಿಯಾಗಿ ಅದುಮಿ ಹಿಡಿದಿದ್ದ ಬೆರಳುಗಳೇ ಈಗ ಎಳ್ಳಷ್ಟೂ ತಳ್ಳದೆ ಬಿಟ್ಟುಕೊಡಬೇಕು. ಸುತ್ತಲಿನ ಗೋಡೆಗೂ ಘನಕ್ಕೂ ನಡುವೆ ಇರುವುದು ಕೆಲವೇ ಮಿಲಿಮೀಟರ್ ಖಾಲಿ ಜಾಗ. 2016ರ ಫೆಬ್ರವರಿ 15 ಮತ್ತು 16ರಂದು ಎರಡೂ ಘನಗಳನ್ನು ಬಿಟ್ಟರು. ಅದಕ್ಕೆ ನಾಲ್ಕು ದಿನ ಮುಂಚೆಯಷ್ಟೇ ಅಮೆರಿಕದ ಲೈಗೊ ತಂಡ ತನ್ನ ನೆಲದ ಮೇಲಿನ ಲೇಸರ್ ಇಂಟರ್‌ಫೆರೋಮೀಟರಿನಿಂದ ಗುರುತ್ವ ಅಲೆಯನ್ನು (ಕಪ್ಪುಕುಳಿಗಳಂಥ ಭಾರಿ ಕಾಯಗಳು ಒಂದನ್ನೊಂದು ಸುತ್ತಿ ಡಿಕ್ಕಿಯಾದಾಗ ದೇಶಕಾಲದಲ್ಲೇ ಏಳುವ ಅಲೆ) ಮೊದಲ ಬಾರಿಗೆ ಹಿಡಿದ ಸುದ್ದಿಯನ್ನು ಪ್ರಕಟಿಸಿತ್ತು. ಜಗತ್ತು ಆ ಸಂಭ್ರಮದಲ್ಲಿದ್ದ ವಾರದಲ್ಲೇ ಎರಡು ಲೋಹದ ತುಂಡುಗಳು ಯಾರ ಆಸರೆಯೂ ಇಲ್ಲದೆ ತೇಲತೊಡಗಿದವು.

ಅಲ್ಲಿಂದ ಮುಂದೆ ನೌಕೆಯೇ ಘನವನ್ನು ಹಿಂಬಾಲಿಸುತ್ತದೆ. ದೇವರ ಮುಂದಿನಿಂದ ಹಣತೆ ಹಿಡಿದು ಅಂಗಳಕ್ಕೆ ಬರುವಾಗ ಒಂದು ಕೈ ದೀಪ ಹಿಡಿದರೆ ಇನ್ನೊಂದು ಅಂಗೈ ಗಾಳಿಗೆ ಮರೆಯಾಗಿ ಜೊತೆಜೊತೆಗೇ ಸಾಗುತ್ತದಲ್ಲ, ಹಾಗೆ. ನೌಕೆಯ ಮೇಲೆ ಬೀಳುವ ಸೂರ್ಯನ ಬೆಳಕೇ ಅದನ್ನು ತಳ್ಳುತ್ತದೆ. ಆ ತಳ್ಳು ಹೆಚ್ಚೆಂದರೆ ಒಂದು ಸೊಳ್ಳೆಯ ತೂಕದಷ್ಟು. ಆದರೆ ಈ ಲೋಕದಲ್ಲಿ ಸೊಳ್ಳೆಯೂ ಆನೆಯೇ. ಹಾಗಾಗಿ ಸೊಳ್ಳೆಯ ತೂಕದಷ್ಟೇ ಬಲ ಕೊಡುವ ಪುಟ್ಟ ನೂಕುಯಂತ್ರಗಳು ಸದಾ ಅನಿಲ ಚಿಮ್ಮುತ್ತಾ ನೌಕೆಯನ್ನು ಘನದ ಸುತ್ತ ಸಮನಾಗಿ ಇಡುತ್ತವೆ. ಬಿಸಿಲು ಬಡಿಯುವುದು ನೌಕೆಗೆ, ಘನಕ್ಕಲ್ಲ.

ಇಷ್ಟಾದರೂ ಶತ್ರುಗಳು ಒಳಗೇ ಇದ್ದರು. ಕಾಸ್ಮಿಕ್ ಕಿರಣಗಳು ನೌಕೆಯ ಗೋಡೆ ತೂರಿ ಬಂದು ಘನಕ್ಕೆ ವಿದ್ಯುದಾವೇಶ ತುಂಬುತ್ತವೆ. ಆವೇಶ ಕೂಡಿದರೆ ಗೋಡೆ ಎಳೆಯತೊಡಗುತ್ತದೆ. ತಂತಿ ಜೋಡಿಸಿ ಹರಿಸಿಬಿಡೋಣವೆಂದರೆ ಆ ತಂತಿಯೇ ಘನವನ್ನು ಮುಟ್ಟಿದಂತಾಯಿತು. ಆದ್ದರಿಂದ ನೇರಳಾತೀತ ಬೆಳಕು ಬೀರಿ, ಎಲೆಕ್ಟ್ರಾನುಗಳನ್ನು ಎಬ್ಬಿಸಿ, ಮುಟ್ಟದೆಯೇ ಆವೇಶ ಕಳೆದರು. ಇನ್ನೊಂದು ಶತ್ರು ನಿರ್ವಾತ ಕೋಶದಲ್ಲಿ ಉಳಿದುಹೋದ ಅಷ್ಟಿಷ್ಟು ಅನಿಲ. ಅದರ ಅಣುಗಳು ಘನಕ್ಕೆ ಡಿಕ್ಕಿ ಹೊಡೆಯುತ್ತಲೇ ಇರುತ್ತವೆ. ಇದಕ್ಕೆ ಮದ್ದು ಕಾಯುವುದು. ಕೋಶದ ಬಾಯನ್ನು ಬಾಹ್ಯಾಕಾಶಕ್ಕೆ ತೆರೆದಿಟ್ಟು ತಿಂಗಳುಗಟ್ಟಲೆ ಕಾದರು. ಅನಿಲ ಸೋರಿದಂತೆಲ್ಲ ಅಳತೆ ಸ್ವಚ್ಛವಾಗುತ್ತಾ ಹೋಯಿತು.

ಮೂರನೆಯದು ಶಾಖ, ನನ್ನ ಅಂಗೈಯ ಹಳೆಯ ಗುರುತು. 38 ಸೆಂಟಿಮೀಟರ್ ಉದ್ದದ ಉಕ್ಕಿನ ಪಟ್ಟಿ ಒಂದು ಡಿಗ್ರಿ ಬಿಸಿಯಾದರೆ ನಾಲ್ಕೂವರೆ ಮೈಕ್ರಾನ್ ಹಿಗ್ಗುತ್ತದೆ. ಅಂದರೆ ನಲವತ್ತೈದು ಲಕ್ಷ ಪಿಕೊಮೀಟರ್, ಅದರಲ್ಲಿ ಯಾವ ಅಳತೆಯೂ ಕೊಚ್ಚಿಹೋಗುತ್ತದೆ. ಹಾಗಾಗಿ ಲೇಸರ್ ಹಾಯುವ ಹಲಗೆಯನ್ನು ಗ್ಲಾಸ್ಗೋ ವಿಶ್ವವಿದ್ಯಾಲಯದವರು ಜೆರೊಡೂರ್ ಎಂಬ ಗಾಜು-ಸೆರಾಮಿಕ್‌ನಲ್ಲಿ ಮಾಡಿದರು. ಅದೇ ಉದ್ದಕ್ಕೆ ಅದು ಒಂದು ಡಿಗ್ರಿಗೆ ಹಿಗ್ಗುವುದು ಏಳೆಂಟು ನ್ಯಾನೊಮೀಟರ್ ಅಥವಾ ಇನ್ನೂ ಕಡಿಮೆ. ಅಂದರೂ ಪಿಕೊಮೀಟರ್ ಮಟ್ಟ ಮುಟ್ಟಲು ಹಲಗೆಯ ಬಿಸುಪು ಡಿಗ್ರಿಯ ಸಾವಿರದಲ್ಲೊಂದು ಪಾಲಿಗಿಂತ ಹೆಚ್ಚು ಓಲಾಡಬಾರದು. ಕನ್ನಡಿಗಳನ್ನು ಆ ಹಲಗೆಗೆ ಅಂಟಿಸಿದ್ದೂ ಮಾಮೂಲಿ ಅಂಟಿನಿಂದಲ್ಲ, ಅಂಟು ಒಣಗುತ್ತಾ ಜರಗುತ್ತದೆ. ಕ್ಷಾರದ ಒಂದು ತೆಳು ದ್ರಾವಣ ಸವರಿ ಎರಡು ಗಾಜಿನ ಮೈಗಳು ರಾಸಾಯನಿಕವಾಗಿ ಒಂದಾಗುವಂತೆ ಮಾಡಿದರು. ದ್ರಾವಣ ಕಚ್ಚಿಕೊಳ್ಳುವ ಮುನ್ನ ಕನ್ನಡಿಯನ್ನು ಸರಿಯಾದ ಜಾಗಕ್ಕೆ ಕೂರಿಸಲು ಸಿಗುವುದು ಸ್ವಲ್ಪವೇ ಹೊತ್ತು. ಆಮೇಲೆ ಬಿಡಿಸಿ ತಿದ್ದುವ ಮಾತಿಲ್ಲ. ಈ ಕೆಲಸ ಮಾಡಿದ ಕೈಗಳನ್ನು ನಾನು ಕಂಡಿಲ್ಲ, ಆದರೆ ನಮ್ಮ ವೀಣೆ ಕಟ್ಟುವವರು ಮೇಣದ ಮೇಲೆ ಮೆಟ್ಟಿಲು ಕೂರಿಸುವುದನ್ನು ಕಂಡಿದ್ದೇನೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ.

ಫಲಿತಾಂಶ ನಿರೀಕ್ಷೆ ಮೀರಿತು. 2016ರ ಜೂನಿನಲ್ಲಿ ಹೊರಬಂದ ಮೊದಲ ವರದಿಯಲ್ಲೇ ಘನಗಳ ನಿಶ್ಚಲತೆ ಬೇಡಿಕೆಗಿಂತ ಐದು ಪಟ್ಟಿಗೂ ಮಿಗಿಲಾಗಿತ್ತು. ಮುಂದೆ ಅದು ಇನ್ನೂ ಸುಧಾರಿಸಿತು. ಘನದ ಮೇಲೆ ಉಳಿದಿದ್ದ ಅನಪೇಕ್ಷಿತ ಬಲ ಒಂದು ಬ್ಯಾಕ್ಟೀರಿಯಾದ ತೂಕಕ್ಕಿಂತ ಕಡಿಮೆ ಎಂಬುದು ನಾನು ಮಾಡಿ ನೋಡಿದ ಲೆಕ್ಕ. ಲೇಸರ್ ಅಳತೆಯ ನಡುಕವಂತೂ ಸುಮಾರು 35 ಫೆಮ್ಟೊಮೀಟರಿಗೆ ಇಳಿದಿತ್ತು (ಫೆಮ್ಟೊಮೀಟರ್ ಅಂದರೆ ಪಿಕೊಮೀಟರಿನ ಸಾವಿರದಲ್ಲೊಂದು ಪಾಲು). ಯುರೇನಿಯಂ ಪರಮಾಣುವಿನ ಬೀಜಕೇಂದ್ರ ಎರಡನ್ನು ಪಕ್ಕಪಕ್ಕ ಇಟ್ಟರೆ ಎಷ್ಟೋ ಹೆಚ್ಚುಕಡಿಮೆ ಅಷ್ಟು. ನೌಕೆಯ ಕೆಲಸ 2017ರ ಜುಲೈಯಲ್ಲಿ ಮುಗಿಯಿತು.

ಇದೆಲ್ಲ ತಾಲೀಮು. ಮುಖ್ಯ ಪ್ರದರ್ಶನದ ಹೆಸರು ಲೀಸಾ, ಬಾಹ್ಯಾಕಾಶದಲ್ಲೇ ಗುರುತ್ವ ಅಲೆಗಳನ್ನು ಹಿಡಿಯುವ ಯೋಜನೆ. 2024ರ ಜನವರಿ 25ರಂದು ಯುರೋಪ್ ಇದನ್ನು ಅಧಿಕೃತವಾಗಿ ಕೈಗೆತ್ತಿಕೊಂಡಿತು, ಹಾರಿಸಬೇಕೆಂದಿರುವುದು 2035ರ ಹೊತ್ತಿಗೆ. ಮೂರು ನೌಕೆಗಳು ಒಂದೊಂದು ಬದಿ 25 ಲಕ್ಷ ಕಿಲೋಮೀಟರ್ ಇರುವ ತ್ರಿಕೋನ ಕಟ್ಟಿ ಭೂಮಿಯ ಹಿಂದೆ ಸುಮಾರು 5 ಕೋಟಿ ಕಿಲೋಮೀಟರ್ ದೂರದಲ್ಲಿ ಸೂರ್ಯನನ್ನು ಸುತ್ತುತ್ತವೆ. ಒಂದು ಮೂಲೆಯಿಂದ ಇನ್ನೊಂದಕ್ಕೆ ಬೆಳಕು ತಲುಪಲು 8.3 ಸೆಕೆಂಡು ಬೇಕು. ಗುರುತ್ವ ಅಲೆಯೊಂದು ಹಾದುಹೋದಾಗ ಆ ಬದಿಗಳ ಉದ್ದದಲ್ಲಿ ಆಗುವ ಬದಲಾವಣೆ ಪಿಕೊಮೀಟರುಗಳಲ್ಲಿ.

ನೆಲದ ಮೇಲೇ ಲೈಗೊ ಇದೆ, ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೊ-ಇಂಡಿಯಾ ಬರಲಿದೆ, ಮತ್ತೆ ಆಕಾಶಕ್ಕೆ ಯಾಕೆ ಹೋಗಬೇಕು ಎಂದು ಕೇಳಬಹುದು. ಉತ್ತರ ಮತ್ತೆ ಅಲುಗಾಟದಲ್ಲೇ ಇದೆ. ಸೆಕೆಂಡಿಗೆ ಹತ್ತಾರು ಸಲ ಮಿಡಿಯುವ ಅಲೆಗಳನ್ನು ನೆಲದ ಉಪಕರಣ ಕೇಳಬಲ್ಲದು. ನಿಮಿಷಕ್ಕೊಮ್ಮೆ, ಗಂಟೆಗೊಮ್ಮೆ ಮಿಡಿಯುವುದನ್ನು ಕೇಳಲಾರದು. ಯಾಕೆಂದರೆ ಭೂಮಿ ಅಷ್ಟು ಹೊತ್ತು ಸುಮ್ಮನಿರುವುದಿಲ್ಲ. ಕಡಲು ದಡಕ್ಕೆ ಅಪ್ಪಳಿಸುತ್ತದೆ, ಗಾಳಿಯ ಒತ್ತಡ ಬದಲಾಗುತ್ತದೆ. ಕನ್ನಡಿಯನ್ನು ಎಷ್ಟೇ ನಾಜೂಕಾಗಿ ತೂಗುಹಾಕಿದರೂ ಸುತ್ತಲಿನ ಮಣ್ಣು, ಗಾಳಿ ಸರಿದಾಡುತ್ತಾ ತಮ್ಮ ಗುರುತ್ವದಿಂದಲೇ ಅದನ್ನು ಎಳೆಯುತ್ತವೆ. ಆ ಎಳೆತಕ್ಕೆ ಅಡ್ಡ ಕಟ್ಟುವ ಗೋಡೆ ಇಲ್ಲ.

ಇಲ್ಲಿ ಬೆಂಗಳೂರಿನವರೇ ಆದ ಸಿ. ವಿ. ವಿಶ್ವೇಶ್ವರ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೆಂದು ಬೆಂಗಳೂರಿಗರಿಗೆ ಅವರ ಪರಿಚಯ ಹೆಚ್ಚು. 1970ರಲ್ಲೇ ಅವರು ಲೆಕ್ಕ ಹಾಕಿ ತೋರಿಸಿದ್ದರು: ಕಪ್ಪುಕುಳಿಯನ್ನು ಕದಡಿದರೆ ಅದು ಬಡಿದ ಗಂಟೆಯಂತೆ ತನ್ನದೇ ಸ್ವರದಲ್ಲಿ ಮಿಡಿದು ಶಾಂತವಾಗುತ್ತದೆ. ಕಪ್ಪುಕುಳಿ ದೊಡ್ಡದಾದಷ್ಟೂ ಸ್ವರ ತಗ್ಗು. ಸೂರ್ಯನ ಹತ್ತು ಲಕ್ಷ ಪಟ್ಟು ತೂಕದ, ತಿರುಗದ ಕಪ್ಪುಕುಳಿಯಾದರೆ ಒಂದು ಮಿಡಿತಕ್ಕೆ ಸುಮಾರು 80 ಸೆಕೆಂಡು, ಕೋಟಿ ಪಟ್ಟಿನದಾದರೆ ಹದಿನಾಲ್ಕು ನಿಮಿಷದ ಹತ್ತಿರ. ಅದು ಬಲು ದೂರದ್ದಾದರೆ ವಿಶ್ವದ ಹಿಗ್ಗುವಿಕೆಯಿಂದ ಮಿಡಿತ ಇನ್ನೂ ನಿಧಾನವಾಗಿ ನಮ್ಮನ್ನು ತಲುಪುತ್ತದೆ. ಅಂಥ ಗಂಟೆಯ ದನಿ ಕೇಳಬೇಕಾದರೆ ಚಿನ್ನದ ಘನ ಗಂಟೆಗಟ್ಟಲೆ ಕದಲದೆ ಇರಬೇಕು. ವಿಶ್ವೇಶ್ವರ 2017ರ ಜನವರಿಯಲ್ಲಿ ತೀರಿಕೊಂಡರು. ಗುರುತ್ವ ಅಲೆ ಸಿಕ್ಕ ಸುದ್ದಿಯನ್ನು ಕೇಳುವಷ್ಟು ದಿನ ಅವರಿದ್ದರು ಎಂಬುದು ನನಗೆ ಇಂದಿಗೂ ಸಮಾಧಾನ ಕೊಡುತ್ತದೆ.

ಲೀಸಾದ ಬೆಳಕಿನ ಪಾಡು ನೋಡಿ. ಹೊರಡುವುದು ಎರಡು ವ್ಯಾಟ್ ಆಸುಪಾಸಿನ ಕಿರಣ. 25 ಲಕ್ಷ ಕಿಲೋಮೀಟರ್ ದಾಟುವ ಹೊತ್ತಿಗೆ ಅದು ಹಲವು ಕಿಲೋಮೀಟರ್ ಅಗಲಕ್ಕೆ ಹರಡಿರುತ್ತದೆ. ಎದುರಿನ 30 ಸೆಂಟಿಮೀಟರ್ ದೂರದರ್ಶಕಕ್ಕೆ ಸಿಗುವುದು ಕೆಲವು ನೂರು ಪಿಕೊವ್ಯಾಟ್. ಕನ್ನಡಿ ಇಟ್ಟು ವಾಪಸ್ ಕಳಿಸಿದರೆ ಮನೆ ತಲುಪುವಷ್ಟರಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ದೂರದ ನೌಕೆ ಬಂದ ಬೆಳಕಿನ ಲಯ ಹಿಡಿದು, ತನ್ನ ಸ್ವಂತ ಲೇಸರನ್ನು ಅದೇ ಲಯಕ್ಕೆ ಕಟ್ಟಿ, ಹೊಸ ಕಸುವಿನೊಂದಿಗೆ ತಿರುಗಿ ಕಳಿಸುತ್ತದೆ. ಭಜನೆಯಲ್ಲಿ ಮುಂದಾಳು ಹೇಳಿದ ಸಾಲನ್ನು ಹಿಂದಿನವರು ಎತ್ತಿಕೊಳ್ಳುವ ರೀತಿ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಲೇಸರಿನ ಅಲೆಯುದ್ದವೇ ನಮ್ಮ ಗೀಟು, ಆದರೆ ಯಾವ ಲೇಸರೂ ಒಂದೇ ಸ್ವರದಲ್ಲಿ ಕದಲದೆ ನಿಲ್ಲುವುದಿಲ್ಲ. ನಮ್ಮ ಕತ್ತಲೆ ಕೋಣೆಯಲ್ಲಿ ಎರಡೂ ತೋಳುಗಳ, ಅಂದರೆ ಬೆಳಕಿನ ಎರಡು ದಾರಿಗಳ, ಉದ್ದ ಹೆಚ್ಚುಕಡಿಮೆ ಒಂದೇ ಆಗಿದ್ದುದರಿಂದ ಬೆಳಕಿನ ತಪ್ಪು ಎರಡೂ ಕಡೆ ಸಮವಾಗಿ ಬಂದು ವಜಾ ಆಗುತ್ತಿತ್ತು. ಲೀಸಾದ ತ್ರಿಕೋನ ಉಸಿರಾಡುತ್ತದೆ. ಬದಿಗಳ ಉದ್ದದಲ್ಲಿ ಸಾವಿರಾರು ಕಿಲೋಮೀಟರ್ ವ್ಯತ್ಯಾಸ ಬಂದು ಹೋಗುತ್ತಿರುತ್ತದೆ. ಲೇಸರಿನ ಓಲಾಟ ವಜಾ ಆಗದೆ ಉಳಿದು, ಬೇಕಾದ ಸಂಕೇತಕ್ಕಿಂತ ಕೋಟಿಗಟ್ಟಲೆ ಪಟ್ಟು ಜೋರಾಗಿ ಕೂಗುತ್ತದೆ. ಇದಕ್ಕೆ ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿದ್ದ ಮಾಸ್ಸಿಮೊ ಟಿಂಟೊ, ಜಾನ್ ಆರ್ಮ್‌ಸ್ಟ್ರಾಂಗ್, ಫ್ರಾಂಕ್ ಎಸ್ಟಾಬ್ರುಕ್ 1999ರಲ್ಲಿ ಕೊಟ್ಟ ದಾರಿ ನನಗೆ ಈ ಇಡೀ ಕ್ಷೇತ್ರದಲ್ಲೇ ಅತ್ಯಂತ ಸುಂದರವಾದದ್ದು. ಬೆಳಕನ್ನು ಅಲ್ಲೇ ಕೂಡಿಸಲು ಹೋಗಬೇಡಿ, ಪ್ರತಿ ನೌಕೆಯಲ್ಲಿ ಕಂಡ ಉಬ್ಬುತಗ್ಗನ್ನು ಗಳಿಗೆ ಸಮೇತ ಬರೆದಿಡಿ, ಭೂಮಿಗೆ ತಂದ ಮೇಲೆ ಒಂದನ್ನು ಎಂಟು ಚಿಲ್ಲರೆ ಸೆಕೆಂಡು, ಇನ್ನೊಂದನ್ನು ಅದರ ದುಪ್ಪಟ್ಟು, ಹೀಗೆ ಹಿಂದೆ ಸರಿಸಿ ಕೂಡಿ ಕಳೆದರೆ ಎರಡೂ ದಾರಿಗಳು ಸಮವಾಗುತ್ತವೆ. ತೋಳುಗಳು ಸಮವಿರುವ ಇಂಟರ್‌ಫೆರೋಮೀಟರನ್ನು ಲೆಕ್ಕದಲ್ಲೇ ಕಟ್ಟಿದ ಹಾಗಾಯಿತು.

ಕಪ್ಪುಕುಳಿಯಿಂದ ಕೊಳವೆಬಾವಿಗೆ ಇಳಿಯೋಣ. 2002ರಲ್ಲಿ ಹಾರಿದ ಗ್ರೇಸ್ ಎಂಬ ಉಪಗ್ರಹ ಜೋಡಿ ಒಂದರ ಹಿಂದೊಂದು, ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಓಡುತ್ತಿತ್ತು. ಕೆಳಗೆ ಎಲ್ಲಿ ದ್ರವ್ಯ ಹೆಚ್ಚಿದೆಯೋ ಅಲ್ಲಿ ಗುರುತ್ವ ಒಂದಿಷ್ಟು ಹೆಚ್ಚು. ಮುಂದಿನದು ಆ ಜಾಗದ ಹತ್ತಿರ ಬಂದಾಗ ತುಸು ಬೇಗ ಎಳೆಯಲ್ಪಟ್ಟು ಅಂತರ ಹಿಗ್ಗುತ್ತದೆ, ಹಿಂದಿನದು ಬಂದಾಗ ಕುಗ್ಗುತ್ತದೆ. ಆ ಹಿಗ್ಗು-ಕುಗ್ಗನ್ನು ಮೈಕ್ರೋವೇವ್ ಮೂಲಕ ಮೈಕ್ರಾನ್ ಮಟ್ಟದಲ್ಲಿ ಅಳೆದು, ತಿಂಗಳಿಗೊಮ್ಮೆ ಭೂಮಿಯ ತೂಕದ ನಕ್ಷೆ ಬಿಡಿಸುತ್ತಿದ್ದರು. ಮಳೆಗಾಲದಲ್ಲಿ ಒಂದು ಸೀಮೆ ಭಾರವಾಗುತ್ತದೆ, ಬೇಸಿಗೆಯಲ್ಲಿ ಹಗುರಾಗುತ್ತದೆ. ನೆಲದಡಿಯ ನೀರು ತೆಗೆದರೂ ಹಗುರಾಗುತ್ತದೆ, ಮತ್ತು ಅದು ತುಂಬದಿದ್ದರೆ ಹಗುರಾಗಿಯೇ ಉಳಿಯುತ್ತದೆ.

2009ರಲ್ಲಿ ಮ್ಯಾಥ್ಯೂ ರೋಡೆಲ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಬರೆದ ಪ್ರಬಂಧ ಇದೇ ಲೆಕ್ಕದ ಮೇಲೆ ನಿಂತದ್ದು. ರಾಜಸ್ಥಾನ, ಪಂಜಾಬ್, ಹರಿಯಾಣ ಸೀಮೆಯಲ್ಲಿ 2002ರ ಆಗಸ್ಟ್‌ನಿಂದ 2008ರ ಅಕ್ಟೋಬರ್ ನಡುವೆ ಕಳೆದುಹೋದ ಅಂತರ್ಜಲ 109 ಘನ ಕಿಲೋಮೀಟರ್ ಎಂದು ಅವರು ಅಂದಾಜಿಸಿದರು. ಆ ವರ್ಷಗಳಲ್ಲಿ ಮಳೆ ಹೆಚ್ಚುಕಡಿಮೆ ವಾಡಿಕೆಯಷ್ಟೇ ಇತ್ತು. ಟಿಎಂಸಿ ಲೆಕ್ಕದಲ್ಲಿ ಯೋಚಿಸುವ ನಮಗೆ ಹೇಳುವುದಾದರೆ 3,800ಕ್ಕೂ ಹೆಚ್ಚು ಟಿಎಂಸಿ, ಕೆಆರ್‌ಎಸ್ ಅಣೆಕಟ್ಟೆ 77 ಸಲ ಅಂಚಿನವರೆಗೆ ತುಂಬಿ ಬರಿದಾದಷ್ಟು. ಒಂದು ಬಾವಿಗೂ ಹಗ್ಗ ಇಳಿಸದೆ, ಎರಡು ಉಪಗ್ರಹಗಳ ನಡುವಿನ ಅಂತರದ ನಡುಕದಿಂದ ಈ ಸತ್ಯ ಹೊರಬಂತು. ಆ ಅಂಕಿ ಓದಿದ ದಿನ ನಾನು ತುಂಬ ಹೊತ್ತು ಸುಮ್ಮನೆ ಕುಳಿತಿದ್ದೆ.

ಗ್ರೇಸ್ 2017ರಲ್ಲಿ ನಿಂತಿತು. ಅದರ ಉತ್ತರಾಧಿಕಾರಿ ಗ್ರೇಸ್ ಫಾಲೋ-ಆನ್ 2018ರ ಮೇ 22ರಂದು ಹಾರಿತು. ನಡುವಿನ ಸುಮಾರು ಹನ್ನೊಂದು ತಿಂಗಳ ನಕ್ಷೆ ಖಾಲಿ. ಆ ತಿಂಗಳುಗಳಲ್ಲಿ ನೀರು ಏನಾಯಿತೆಂದು ಇನ್ನು ಯಾರೂ ಅಷ್ಟು ನೇರವಾಗಿ ಅಳೆಯಲಾರರು. ಹೊಸ ಜೋಡಿಯಲ್ಲಿ ಮೈಕ್ರೋವೇವ್ ಜೊತೆಗೆ, ಪ್ರಯೋಗವೆಂದು, ಒಂದು ಲೇಸರ್ ಇಂಟರ್‌ಫೆರೋಮೀಟರನ್ನೂ ಇಟ್ಟರು. ಜರ್ಮನಿಯ ಹ್ಯಾನೋವರ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಮತ್ತು ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯ ಇದರ ಹಿಂದಿದ್ದವು. ಗಂಟೆಗೆ 27,000 ಕಿಲೋಮೀಟರ್ ವೇಗದಲ್ಲಿ ಓಡುವ ಎರಡು ಪೆಟ್ಟಿಗೆಗಳು 220 ಕಿಲೋಮೀಟರ್ ದೂರದಿಂದ ಸೂಜಿಯಂಥ ಬೆಳಕಿನಲ್ಲಿ ಒಂದನ್ನೊಂದು ಹುಡುಕಬೇಕು. 2018ರ ಜೂನ್‌ನಲ್ಲಿ ಮೊದಲ ಯತ್ನದಲ್ಲೇ ಕೊಂಡಿ ಬೆಸೆಯಿತು. ಅಂತರದ ಅಳತೆ ಮೈಕ್ರಾನಿನಿಂದ ನ್ಯಾನೊಮೀಟರಿಗೆ, ಅದಕ್ಕೂ ಕೆಳಗೆ ಇಳಿಯಿತು.

ಹಾಗಾದರೆ ನೀರಿನ ನಕ್ಷೆಯೂ ಅಷ್ಟೇ ಪಟ್ಟು ಸ್ಪಷ್ಟವಾಯಿತೇ? ಇಲ್ಲ. ಇದನ್ನು ಯಾಕೋ ಹೆಚ್ಚಿನವರು ಹೇಳುವುದಿಲ್ಲ. 490 ಕಿಲೋಮೀಟರ್ ಎತ್ತರದಲ್ಲೂ ತೆಳುವಾದ ಗಾಳಿ ಇದ್ದೇ ಇದೆ. ಅದು ಉಪಗ್ರಹವನ್ನು ಎಳೆದದ್ದೆಷ್ಟು, ಗುರುತ್ವ ಎಳೆದದ್ದೆಷ್ಟು ಎಂದು ಬೇರ್ಪಡಿಸಲು ಪ್ರತಿ ಉಪಗ್ರಹದೊಳಗೂ ಒಂದು ಆಕ್ಸೆಲರೋಮೀಟರ್, ಗುರುತ್ವವಲ್ಲದ ತಳ್ಳು-ಎಳೆತಗಳನ್ನಷ್ಟೇ ಅಳೆಯುವ ಸಾಧನ, ಇದೆ. ಎರಡರಲ್ಲೊಂದರ ಆಕ್ಸೆಲರೋಮೀಟರ್ ಹಾರಿದ ಕೆಲವೇ ವಾರಗಳಲ್ಲಿ ಕೆಟ್ಟು ಗದ್ದಲ ಎಬ್ಬಿಸತೊಡಗಿತು. ಒಂದರ ದಾರಿಯನ್ನೇ ಇನ್ನೊಂದು ಸುಮಾರು ಅರ್ಧ ನಿಮಿಷದ ನಂತರ ತುಳಿಯುವುದರಿಂದ, ಚೆನ್ನಾಗಿರುವುದರ ಅಂಕಿಗಳನ್ನೇ ಆ ಅರ್ಧ ನಿಮಿಷ ಸರಿಸಿ ಕೆಟ್ಟುಹೋದುದಕ್ಕೆ ಕಸಿ ಮಾಡುತ್ತಿದ್ದಾರೆ. ಜಾಣತನದ ಉಪಾಯವೇ, ಆದರೆ ಎರವಲು ಎರವಲೇ. ಇದರ ಮೇಲೆ ಕಡಲಿನ ಉಬ್ಬರವಿಳಿತ, ಗಾಳಿಮಂಡಲದ ಓಡಾಟ ತಿಂಗಳಿಗೊಂದು ನಕ್ಷೆಯಲ್ಲಿ ಹಿಡಿಯಲಾಗದಷ್ಟು ಬೇಗ ಬದಲಾಗುತ್ತವೆ. ಲೇಸರ್ ನ್ಯಾನೊಮೀಟರ್ ತೋರಿಸುತ್ತದೆ ನಿಜ, ಅದರಲ್ಲಿ ನೀರಿನ ಪಾಲೆಷ್ಟು ಎಂದು ಹೇಳಲು ಲೇಸರ್ ಒಂದರಿಂದ ಆಗುವುದಿಲ್ಲ.

ಕೋಲಾರದಲ್ಲಿ ಸಾವಿರದಿನ್ನೂರು, ಸಾವಿರದೈನೂರು ಅಡಿಗೆ ಕೊರೆಸಿಯೂ ದೂಳು ಕಂಡ ರೈತರಿಗೆ ಈ ನಕ್ಷೆಯಿಂದ ಏನು ಸಿಕ್ಕೀತು ಎಂದು ನನ್ನನ್ನು ಕೇಳಿದವರಿದ್ದಾರೆ. ನೇರವಾಗಿ ಏನೂ ಸಿಗದು. ಈ ನಕ್ಷೆಯ ಒಂದು ಚುಕ್ಕೆ ಸುಮಾರು 300 ಕಿಲೋಮೀಟರ್ ಅಗಲ. ಇಡೀ ಕರ್ನಾಟಕಕ್ಕೆ ಎರಡು-ಮೂರು ಚುಕ್ಕೆ, ಕೋಲಾರ ಜಿಲ್ಲೆ ಒಂದರೊಳಗೇ ಮುಳುಗಿಹೋಗುತ್ತದೆ. ಇಲ್ಲಿ ಪಾಯಿಂಟ್ ಹಾಕಿಸಿ ಎಂದು ಯಾವ ಉಪಗ್ರಹವೂ ಹೇಳಲಾರದು, ಹೇಳುತ್ತದೆಂದು ಯಾರಾದರೂ ಹಣ ಕೇಳಿದರೆ ನಂಬಬೇಡಿ. ಆದರೆ ಒಂದು ದೊಡ್ಡ ಸೀಮೆಯ ನೀರಿನ ಖಜಾನೆ ಹತ್ತಿಪ್ಪತ್ತು ವರ್ಷಗಳಲ್ಲಿ ತುಂಬುತ್ತಿದೆಯೋ ಖಾಲಿಯಾಗುತ್ತಿದೆಯೋ ಎಂಬುದಕ್ಕೆ ಇಷ್ಟು ನಿಷ್ಪಕ್ಷಪಾತವಾದ ಸಾಕ್ಷಿ ಬೇರೆ ಇಲ್ಲ. ಅಂಥ ಸಾಕ್ಷಿ ನಡುವೆ ಮಾತು ನಿಲ್ಲಿಸಬಾರದು.

ಇದೇ ಬೆಳಕಿನ ಲಯದ ಲೆಕ್ಕವನ್ನು ರೇಡಾರ್ ಅಲೆಗಳಲ್ಲಿ ಮಾಡುವ ನೈಸಾರ್ ಉಪಗ್ರಹ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದೆ. ಇಸ್ರೋ ಮತ್ತು ನಾಸಾದ ಈ ಜಂಟಿ ಉಪಗ್ರಹವನ್ನು ಜೋಡಿಸಿ ಪರೀಕ್ಷಿಸಿದ್ದು ಬೆಂಗಳೂರಿನಲ್ಲೇ. 12 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾದು, ನೆಲ ಸೆಂಟಿಮೀಟರ್ ಮಟ್ಟದಲ್ಲಿ ಕುಸಿದದ್ದನ್ನು ಅದು ಗುರುತಿಸುತ್ತದೆ. ನೀರು ತೆಗೆದಾಗ ನೆಲ ಕುಸಿಯುವ ಮಣ್ಣಿನ ಸೀಮೆಗಳಲ್ಲಿ ಗ್ರೇಸ್ ಜೋಡಿ ತೂಕ ಹೇಳಿದರೆ ನೈಸಾರ್ ಜಾಗ ತೋರಿಸೀತು. ನಮ್ಮ ಗಟ್ಟಿ ಬಂಡೆಯ ಪ್ರಸ್ಥಭೂಮಿಯಲ್ಲಿ ಆ ಉಪಯೋಗ ಕಡಿಮೆ.

ಈಗ ಚಿಂತೆಯ ಮಾತು. ಲೀಸಾಗೆ ಲೇಸರ್, ದೂರದರ್ಶಕ, ಘನದ ಆವೇಶ ಕಳೆಯುವ ಸಾಧನಗಳನ್ನು ಒದಗಿಸಬೇಕಾದದ್ದು ನಾಸಾ. 2025ರಲ್ಲಿ ಅಮೆರಿಕ ಸರ್ಕಾರ ಮಂಡಿಸಿದ ಮರುವರ್ಷದ ಬಜೆಟ್ ಪ್ರಸ್ತಾವದಲ್ಲಿ ಆ ಪಾಲನ್ನೇ ಕೈಬಿಡುವ ಮಾತಿತ್ತು. ಯುರೋಪ್ ಆ ಭಾಗಗಳನ್ನು ತಾನೇ ಮಾಡಿಕೊಳ್ಳುವ ದಾರಿ ಹುಡುಕಬೇಕಾಯಿತು. ಹೀಗಾಗುತ್ತಿರುವುದು ಇದು ಮೊದಲ ಸಲವೂ ಅಲ್ಲ. 2011ರಲ್ಲಿ ಅಮೆರಿಕ ಹಿಂದೆ ಸರಿದಾಗ ಇಡೀ ಯೋಜನೆಯನ್ನು ಕುಗ್ಗಿಸಿ ಬರೆಯಬೇಕಾಗಿ ಬಂದಿತ್ತು. ಇತ್ತ ಚೀನಾ ಇದೇ ಜಾತಿಯ ತೈಜಿ ಮತ್ತು ತಿಯಾನ್‌ಚಿನ್ ಎಂಬ ಎರಡು ಯೋಜನೆಗಳಿಗೆ 2019ರಲ್ಲೇ ಪರೀಕ್ಷಾ ಉಪಗ್ರಹಗಳನ್ನು ಹಾರಿಸಿದೆ. ಒಂದು ಕಾರ್ಖಾನೆ ಮುಚ್ಚಿದರೆ ಇನ್ನೊಂದು ತೆರೆಯಬಹುದು. ಗಾಜಿಗೆ ಗಾಜು ಬೆಸೆಯುವ ಕೈಗಳು, ಘನವನ್ನು ತಳ್ಳದೆ ಬಿಡುವ ಬೆರಳನ್ನು ಇಪ್ಪತ್ತು ವರ್ಷ ತಿದ್ದಿದ ಗುಂಪು ಒಮ್ಮೆ ಚದುರಿದರೆ ಆ ಕೌಶಲವನ್ನು ಮತ್ತೆ ಬೀಜದಿಂದಲೇ ಬೆಳೆಯಬೇಕು. ಬಜೆಟ್ ಬರೆಯುವವರು ಲೇಸರನ್ನು ಕೊಳ್ಳುವ ಸಾಮಾನಿನಂತೆ ನೋಡುತ್ತಾರೆ. ಅದರ ಸುತ್ತಲಿನ ನಿಶ್ಚಲತೆ ಕೊಳ್ಳಲು ಸಿಗುವ ಸಾಮಾನಲ್ಲ.

ಭೂಮಿಯ ತೂಕದ ನಕ್ಷೆಯ ಮುಂದಿನ ಜೋಡಿ ಗ್ರೇಸ್-ಸಿ. ಅಮೆರಿಕ ಮತ್ತು ಜರ್ಮನಿ ಸೇರಿ ಕಟ್ಟುತ್ತಿರುವ ಇದರಲ್ಲಿ ಮೈಕ್ರೋವೇವ್ ಇರುವುದಿಲ್ಲ, ಪ್ರಯೋಗಕ್ಕೆಂದು ಹೋಗಿದ್ದ ಲೇಸರ್ ಈಗ ಮುಖ್ಯ ಅಳತೆಗೋಲು. ಉಡಾವಣೆ 2028ಕ್ಕಿಂತ ಮೊದಲು ಇಲ್ಲ. ಐದು ವರ್ಷ ಬಾಳಿದರೆ ಸಾಕೆಂದು ಕಳಿಸಿದ ಗ್ರೇಸ್ ಫಾಲೋ-ಆನ್ ಅಲ್ಲಿಯವರೆಗೂ ತಾಳಬೇಕು. ಒಂದರ ಕಿವಿ ಮಂದವಾಗಿ ಇನ್ನೊಂದರ ಕಿವಿಯಲ್ಲಿ ಕೇಳಿಸಿಕೊಳ್ಳುತ್ತಾ ಆ ಜೋಡಿ ದಿನಕ್ಕೆ ಹದಿನೈದು ಸಲ ಭೂಮಿಯನ್ನು ಸುತ್ತುತ್ತಿದೆ, ಪ್ರತಿ ಮಳೆಗಾಲದ ಕೊನೆಗೆ ದಖ್ಖನಿನ ಮೇಲೆ ಹಾದುಹೋಗುವಾಗ ಮುಂದಿನ ಉಪಗ್ರಹ ಒಂದು ಕೂದಲೆಳೆಗಿಂತ ಕಡಿಮೆ ದೂರ ಮುಂದೆ ಜಾರುತ್ತದೆ.